ಡೊನೇಷನ್ ಸೀಟಿಗೂ ಗ್ಯಾರೇಜಿಗೂ ನಡುವೆ ಒಂದು ದಾರಿಯಿದೆ

ಹಳೇ ಹುಬ್ಬಳ್ಳಿಯ ನನ್ನ ಪರಿಚಿತರೊಬ್ಬರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಘಟನೆಯಿದು. ಅವರ ಮಗಳು ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು ಸಿಇಟಿ ಬರೆದಳು. ರ‍್ಯಾಂಕ್ ಕೂಡ ಚೆನ್ನಾಗಿಯೇ ಬಂತು. ಕಂಪ್ಯೂಟರ್ ಸೈನ್ಸ್ ಸಿಗುವಷ್ಟು ಮುಂದಿನ ರ‍್ಯಾಂಕ್ ಅದಾಗಿರಲಿಲ್ಲ. ಆದರೆ ಪರವೂರಿನ ಹೆಸರಾಂತ ಕಾಲೇಜೊಂದರಲ್ಲಿ 'ಇಂಡಸ್ಟ್ರಿಯಲ್ ಇಂಜಿನಿಯರಿಂಗ್' ಎಂಬ ಶಾಖೆಯಲ್ಲಿ ಸರಕಾರಿ ಕೋಟಾದ ಸೀಟು ದೊರೆಯಿತು. ತಂದೆ ನಾಲ್ಕು ಜನರನ್ನು ವಿಚಾರಿಸಿದರು. "ಇಂಡಸ್ಟ್ರಿಯಲ್ ಅಂದ್ರ ಕಾರ್ಖಾನಿ ಕೆಲಸ ಅಲ್ಲೇನ್ರಿ? ಹೆಣ್ಣಮಗಳು ಕಾರ್ಖಾನ್ಯಾಗ ಏನ್ ಮಾಡ್ತಾಳ?" ಎಂದು ಕೇಳಿದರು. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಸೀಟು ಬಿಟ್ಟುಕೊಟ್ಟರು. ಎರಡು ವರ್ಷಗಳ ಬಳಿಕ ಅವಳಿಗಿಂತ ಕಡಿಮೆ ಅಂಕ ಪಡೆದ ಮಗನಿಗಾಗಿ ಇದ್ದ ಒಂದು ಸೈಟನ್ನು ಮಾರಿ, ಡೊನೇಷನ್ ಕಟ್ಟಿ, ಕಂಪ್ಯೂಟರ್ ಸೈನ್ಸ್‌ಗೆ ಸೇರಿಸಿದರು. ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿರುವಾಗಲೇ ನಿಕಾಹ್ ಆಯಿತು. ಮಗನ ಬೆನ್ನಿಗೆ ಬ್ಯಾಕ್‌ಲಾಗ್‌ಗಳ ಮೂಟೆ ಬಿದ್ದಿದೆ.

ಇತ್ತೀಚೆಗೆ ಆ ತಂದೆ ನಮಾಝ್ ಮುಗಿಸಿ ಹೊರಬರುವಾಗ ನನ್ನನ್ನು ತಡೆದು, "ಅವತ್ತು ಆ ಸೀಟು ಬಿಟ್ಟಿದ್ದು ತಪ್ಪಾತೇನ್ರಿ?" ಎಂದು ಕೇಳಿದರು. ನಾನು ತಲೆತಗ್ಗಿಸಿದೆ. ಏಕೆಂದರೆ ಅಂದು ಅವರು ವಿಚಾರಿಸಿದ ನಾಲ್ಕು ಜನರಲ್ಲಿ ನಾನೂ ಒಬ್ಬನಾಗಿದ್ದೆ. 'ನನಗೆ ತಿಳಿಯದು, ತಿಳಿದವರನ್ನು ಕೇಳೋಣ' ಎನ್ನುವ ಬದಲು ನಾನೂ ಎಲ್ಲರಂತೆ ತಲೆಯಾಡಿಸಿದ್ದೆ. ಈ ಲೇಖನ ಆ ತಲೆಯಾಡಿಸುವಿಕೆಗೆ ತಡವಾಗಿ ಕೊಡುತ್ತಿರುವ ಲೆಕ್ಕ.

ಮುಸ್ಲಿಮ್ ಸಮುದಾಯದ ಶೈಕ್ಷಣಿಕ ಹಿಂದುಳಿಯುವಿಕೆಯ ಕುರಿತು ನಾವು ಮಾತಾಡುವಾಗಲೆಲ್ಲ ಬಡತನ ಮತ್ತು ತಾರತಮ್ಯ ಎಂಬ ಎರಡು ಕಾರಣಗಳನ್ನು ಮುಂದಿಡುತ್ತೇವೆ. ಎರಡೂ ಸುಳ್ಳಲ್ಲ. 2006ರ ನವೆಂಬರ್‌ನಲ್ಲಿ ಸಾಚಾರ್ ಸಮಿತಿ ಸಲ್ಲಿಸಿದ ವರದಿಯು ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂಬ ಸತ್ಯವನ್ನು ದೇಶದ ಮುಂದಿಟ್ಟಿತು. ಆದರೆ ಮೇಲಿನ ಮನೆಯಲ್ಲಿ ಅಡ್ಡಬಂದದ್ದು ಬಡತನವಲ್ಲ, ಮಾರಲು ಸೈಟಿತ್ತು. ತಾರತಮ್ಯವೂ ಅಲ್ಲ, ಸರಕಾರವೇ ಸೀಟು ಕೊಟ್ಟಿತ್ತು. ಅಲ್ಲಿ ಅಡ್ಡಬಂದದ್ದು ಅಜ್ಞಾನ. ಈ ಮೂರನೆಯ ಕಾರಣದ ಹೊಣೆಯನ್ನು ಯಾವ ಸರಕಾರದ ಮೇಲೂ ಹೊರಿಸಲಾಗದು. ಅದು ನಮ್ಮದು.

ಏನಿದು ಇಂಡಸ್ಟ್ರಿಯಲ್ ಇಂಜಿನಿಯರಿಂಗ್?

ಮೆಕ್ಯಾನಿಕಲ್ ಇಂಜಿನಿಯರ್ ಯಂತ್ರವನ್ನು ರೂಪಿಸುತ್ತಾನೆ. ಆ ಯಂತ್ರ, ಅದನ್ನು ನಡೆಸುವ ಮನುಷ್ಯ, ಅದಕ್ಕೆ ಬೇಕಾದ ಕಚ್ಚಾವಸ್ತು, ಹಿಡಿಯುವ ಸಮಯ, ತಗಲುವ ಹಣ ಇವೆಲ್ಲವನ್ನೂ ಒಂದಕ್ಕೊಂದು ಹೊಂದಿಸಿ ವ್ಯರ್ಥವಾಗದಂತೆ ನಡೆಸುವವನು ಇಂಡಸ್ಟ್ರಿಯಲ್ ಇಂಜಿನಿಯರ್. ಕೆಲಸವನ್ನು ಬಿಡಿಬಿಡಿಯಾಗಿ ಗಮನಿಸಿ ಅನಗತ್ಯ ಚಲನೆಯನ್ನು ತೆಗೆದುಹಾಕುವುದು, ಗೋದಾಮಿನಲ್ಲಿ ಎಷ್ಟು ಸರಕಿರಬೇಕೆಂದು ಲೆಕ್ಕಹಾಕುವುದು, ಕೆಟ್ಟ ಮಾಲು ತಯಾರಾಗುವ ಮುನ್ನವೇ ಅದನ್ನು ತಡೆಯುವುದು, ಕಾರ್ಮಿಕನ ಬೆನ್ನು ನೋಯದಂತೆ ಅವನ ಮೇಜಿನ ಎತ್ತರವನ್ನು ನಿಗದಿಪಡಿಸುವುದು ಇವೆಲ್ಲ ಈ ಶಾಸ್ತ್ರದ ವಿಷಯಗಳು. ಕಾರ್ಖಾನೆಯಲ್ಲಿ ಹುಟ್ಟಿದ ಈ ವಿದ್ಯೆ ಇಂದು ಆಸ್ಪತ್ರೆಯ ಹೊರರೋಗಿಗಳ ಸಾಲು, ವಿಮಾನ ನಿಲ್ದಾಣ, ಬ್ಯಾಂಕು, ಮನೆಬಾಗಿಲಿಗೆ ಸರಕು ತಲುಪಿಸುವ ಕಂಪೆನಿಗಳ ಉಗ್ರಾಣ ಇವೆಲ್ಲವನ್ನೂ ಆವರಿಸಿದೆ.

'ಹೆಣ್ಣುಮಗಳು ಏನು ಮಾಡುತ್ತಾಳೆ' ಎಂಬ ಪ್ರಶ್ನೆಗೆ ಈ ಶಾಸ್ತ್ರದ ಇತಿಹಾಸವೇ ಉತ್ತರ ನೀಡುತ್ತದೆ. ಇದನ್ನು ಕಟ್ಟಿದವರಲ್ಲಿ ಅಗ್ರಗಣ್ಯರಾದ ಲಿಲಿಯನ್ ಗಿಲ್ಬ್ರೆತ್ (1878-1972) ಓರ್ವ ಮಹಿಳೆ, ಹನ್ನೆರಡು ಮಕ್ಕಳ ತಾಯಿ. ಪತಿಯೊಂದಿಗೆ ಕೂಡಿ ಕಾರ್ಖಾನೆಗಳ ಕೆಲಸದ ಚಲನೆಗಳನ್ನು ಅಧ್ಯಯನ ಮಾಡಿದ ಅವರು, ಪತಿಯ ಮರಣಾನಂತರ ಅದೇ ವಿದ್ಯೆಯನ್ನು ಅಡುಗೆಮನೆಗೆ ತಂದರು. ಒಲೆ, ನೀರು, ಕಪಾಟು ಇವು ಹೇಗಿದ್ದರೆ ಮಹಿಳೆಯ ಹೆಜ್ಜೆಗಳು ಉಳಿಯುತ್ತವೆಂದು ಲೆಕ್ಕಹಾಕಿದರು. ಕಾಲಿನಿಂದ ಒತ್ತಿ ಮುಚ್ಚಳ ತೆರೆಯುವ ಕಸದ ಡಬ್ಬಿಯ ಹಿಂದೆಯೂ ಅವರ ಚಿಂತನೆಯಿದೆ. ನಾವು 'ಗಂಡಸರ ಶಾಖೆ' ಎಂದು ದೂರ ತಳ್ಳಿದ ವಿದ್ಯೆಯ ಕತೆಯಿದು.

ಇದು ಮುಸ್ಲಿಮ್ ಪರಂಪರೆಗೆ ಪರಕೀಯವಾದ ವಿದ್ಯೆಯೂ ಅಲ್ಲ. 1206ರಲ್ಲಿ ಯಾಂತ್ರಿಕ ಸಾಧನಗಳ ಕುರಿತ ತನ್ನ ಗ್ರಂಥವನ್ನು ಪೂರ್ಣಗೊಳಿಸಿದ ಅಲ್ ಜಝರಿ ನೀರೆತ್ತುವ ಯಂತ್ರಗಳನ್ನೂ ಗಡಿಯಾರಗಳನ್ನೂ ಚಿತ್ರಸಹಿತ ವಿವರಿಸಿ, ಇನ್ನೊಬ್ಬ ಕುಶಲಕರ್ಮಿ ಅದನ್ನು ಓದಿ ತಯಾರಿಸಬಲ್ಲಂತೆ ಬರೆದ. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ನೆರೆಯ ವಿಜಯಪುರಕ್ಕೆ ಹೋಗಿ ನೋಡಿ. ಆದಿಲ್ ಶಾಹಿ ಕಾಲದ ಬೇಗಂ ತಲಾಬಿನಿಂದ ನಗರಕ್ಕೆ ನೆಲದಡಿಯ ಕೊಳವೆಗಳಲ್ಲಿ ನೀರು ಹರಿಸುವಾಗ ಒತ್ತಡಕ್ಕೆ ಕೊಳವೆ ಒಡೆಯಬಾರದೆಂದು ನಡುನಡುವೆ ಕಟ್ಟಿದ 'ಗಂಜ್' ಗೋಪುರಗಳು ಇಂದಿಗೂ ನಿಂತಿವೆ. ಎಲ್ಲಿ ಒತ್ತಡ ಹೆಚ್ಚುತ್ತದೆ, ಎಲ್ಲಿ ಹೂಳು ತುಂಬುತ್ತದೆ, ಅದನ್ನು ಎಲ್ಲಿ ಇಳಿಸಬೇಕು ಎಂದು ಇಡೀ ವ್ಯವಸ್ಥೆಯನ್ನು ಒಂದಾಗಿ ಯೋಚಿಸಿದವರು ಅವರು. ಗೋಳಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡು ಬರುವ ನಾವು ಆ ಗೋಪುರಗಳ ಮುಂದೆ ನಿಂತು ಯೋಚಿಸಿದ್ದೇವೆಯೇ?

ಅವಳಿ ನಗರದ ಬಾಗಿಲುಗಳು

ಹುಬ್ಬಳ್ಳಿ-ಧಾರವಾಡಕ್ಕೆ ತಾಂತ್ರಿಕ ಶಿಕ್ಷಣ ಹೊಸದಲ್ಲ. ಸ್ವಾತಂತ್ರ್ಯ ಬಂದ 1947ರಲ್ಲೇ ಕೆ.ಎಲ್.ಇ. ಸಂಸ್ಥೆಯು ಹುಬ್ಬಳ್ಳಿಯಲ್ಲಿ ಬಿ.ವಿ. ಭೂಮರಡ್ಡಿ ಇಂಜಿನಿಯರಿಂಗ್ ಕಾಲೇಜನ್ನು ತೆರೆಯಿತು. ಅದು ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. 1979ರಲ್ಲಿ ಧಾರವಾಡದಲ್ಲಿ ಎಸ್.ಡಿ.ಎಂ. ಕಾಲೇಜು ಬಂತು. 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳು ಅದರಡಿ ಸೇರಿದವು. 2016ರಲ್ಲಿ ಧಾರವಾಡಕ್ಕೆ ಐಐಟಿಯೂ ಬಂತು. ಭೂಮರಡ್ಡಿ ಕಾಲೇಜಿನಲ್ಲಿ 'ಇಂಡಸ್ಟ್ರಿಯಲ್ ಅಂಡ್ ಪ್ರೊಡಕ್ಷನ್' ಎಂಬ ವಿಭಾಗವೇ ಇತ್ತು. ಅಂದರೆ ನಮ್ಮ ಊರಿನಲ್ಲೇ ಕಲಿಸಿದ ವಿದ್ಯೆಯ ಹೆಸರು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಬೆಂಗಳೂರಿನಲ್ಲಿ ಆರ್.ವಿ., ಎಂ.ಎಸ್. ರಾಮಯ್ಯ, ಬಿ.ಎಂ.ಎಸ್. ಮುಂತಾದ ಕಾಲೇಜುಗಳು 'ಇಂಡಸ್ಟ್ರಿಯಲ್ ಇಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್' ಎಂಬ ಹೆಸರಿನಲ್ಲಿ ಈ ಶಾಖೆಯನ್ನು ಬೆಳೆಸಿದವು.

ಕೆಲಸ ಎಲ್ಲಿದೆ ಎಂಬ ಪ್ರಶ್ನೆಯನ್ನೂ ಕೇಳೋಣ. ಬ್ರಿಟಿಷರ ಕಾಲದಿಂದ ಇರುವ ರೈಲ್ವೆ ವರ್ಕ್‌ಶಾಪ್, 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳು, ವಾಲ್ವ್ ತಯಾರಿಸುವ ಕಾರ್ಖಾನೆಗಳು, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ ಇವೆಲ್ಲ ನಮ್ಮ ಕಣ್ಣೆದುರಿಗೇ ಇವೆ. ಈ ಕಾರ್ಖಾನೆಗಳ ಗೇಟಿನೊಳಗೆ ನಮ್ಮ ಹುಡುಗರಿಲ್ಲವೇ? ಇದ್ದಾರೆ. ವೆಲ್ಡರ್, ಫಿಟ್ಟರ್, ಚಾಲಕ, ಗುತ್ತಿಗೆ ಕಾರ್ಮಿಕರಾಗಿ ಇದ್ದಾರೆ. ಇಂಜಿನಿನ ಸದ್ದು ಕೇಳಿಯೇ ದೋಷ ಹೇಳಬಲ್ಲ ಮಿಸ್ತ್ರಿಗಳು ನಮ್ಮ ಪ್ರತಿ ಮೊಹಲ್ಲಾದಲ್ಲಿದ್ದಾರೆ. ಕೈಯಲ್ಲಿ ವಿದ್ಯೆಯಿದೆ, ಕಾಗದದಲ್ಲಿಲ್ಲ. ಆದುದರಿಂದಲೇ ಇಪ್ಪತ್ತು ವರ್ಷ ದುಡಿದವನು ನಿನ್ನೆ ಬಂದ ಪದವೀಧರನ ಕೆಳಗೆ ನಿಲ್ಲಬೇಕಾಗುತ್ತದೆ.

ನಿಯಮಗಳು ಏನು ಹೇಳುತ್ತವೆ?

ಇಂಜಿನಿಯರಿಂಗ್ ಎಂದರೆ ಹಣವಂತರ ಓದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಒಂದು ಕಾಲದಲ್ಲಿ ಅದು ನಿಜವೂ ಆಗಿತ್ತು. ಕ್ಯಾಪಿಟೇಷನ್ ಶುಲ್ಕದ ಹಾವಳಿಯನ್ನು ತಡೆಯಲು ಕರ್ನಾಟಕವು 1984ರಲ್ಲೇ ಕಾನೂನು ಮಾಡಿತು. 1992ರ ಮೋಹಿನಿ ಜೈನ್ ಮತ್ತು 1993ರ ಉನ್ನಿಕೃಷ್ಣನ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪುಗಳ ಬಳಿಕ 1994ರಲ್ಲಿ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ ಆರಂಭವಾಯಿತು. ಬಡವನ ಮಗ ಯಾರ ಕಾಲಿಗೂ ಬೀಳದೆ ಒಳ್ಳೆಯ ಕಾಲೇಜಿಗೆ ಸೇರಬಲ್ಲ ಬಾಗಿಲು ತೆರೆದದ್ದು ಅಂದು. ಇಂದು ಖಾಸಗಿ ಕಾಲೇಜುಗಳಲ್ಲಿ ಒಂದು ಪಾಲು ಸೀಟು ಸಿಇಟಿಯ ಮೂಲಕ, ಒಂದು ಪಾಲು ಕಾಮೆಡ್-ಕೆ ಪರೀಕ್ಷೆಯ ಮೂಲಕ, ಉಳಿದದ್ದು ಆಡಳಿತ ಮಂಡಳಿಯ ಕೋಟಾದಲ್ಲಿ ತುಂಬುತ್ತದೆ. ಶುಲ್ಕವೂ ಅದೇ ಕ್ರಮದಲ್ಲಿ ಏರುತ್ತದೆ.

ಸಿಇಟಿಯ ಮೂಲಕ ಸೇರಲು ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ಜೊತೆಗೆ ರಸಾಯನಶಾಸ್ತ್ರ ಅಥವಾ ನಿಯಮದಲ್ಲಿ ಹೇಳಿರುವ ಇನ್ನೊಂದು ವಿಷಯವಿರಬೇಕು. ಸಾಮಾನ್ಯ ವರ್ಗಕ್ಕೆ ಶೇ. 45, ನಮ್ಮ ಮಕ್ಕಳು ಸೇರುವ 2ಬಿ ಸೇರಿದಂತೆ ಮೀಸಲು ವರ್ಗಗಳಿಗೆ ಶೇ. 40 ಅಂಕ ಸಾಕು. ಸಿಇಟಿಯಲ್ಲಿ ಮೂರು ವಿಷಯಗಳಿಗೆ ತಲಾ 60ರಂತೆ 180 ಪ್ರಶ್ನೆಗಳು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ಪಿಯುಸಿಯ ಅಂಕಕ್ಕೆ ಅರ್ಧ, ಸಿಇಟಿಗೆ ಅರ್ಧ ಬೆಲೆ. 'ಪಿಯುಸಿ ಹೇಗೋ ಪಾಸಾದರೆ ಸಾಕು, ಸಿಇಟಿಯಲ್ಲಿ ನೋಡೋಣ' ಎನ್ನುವವರೂ 'ಪಿಯುಸಿಯಲ್ಲಿ ಅಂಕ ಬಂದಿದೆ, ಸಿಇಟಿ ಏಕೆ' ಎನ್ನುವವರೂ ಇಬ್ಬರೂ ಅರ್ಧ ದಾರಿಯಲ್ಲೇ ಸೋಲುತ್ತಾರೆ.

ಇನ್ನು ದಾಖಲೆಗಳ ಮಾತು. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆಗಳಲ್ಲಿ ಓದಿರಬೇಕು ಎಂಬುದು ಪ್ರಮುಖ ಷರತ್ತು. ಇದಕ್ಕೆ ಬೇರೆ ವಿನಾಯಿತಿಗಳಿವೆಯಾದರೂ ಹೆಚ್ಚಿನವರು ಪ್ರವೇಶ ಪಡೆಯುವುದು ಈ ಷರತ್ತಿನಡಿಯಲ್ಲೇ. ಗೋವಾದಲ್ಲೋ ಗಲ್ಫ್‌ನಲ್ಲೋ ಕೆಲವು ವರ್ಷ ಓದಿದ ಮಕ್ಕಳು, ಹಿಫ್ಝ್‌ಗಾಗಿ ಶಾಲೆ ಬಿಟ್ಟು ಮತ್ತೆ ಸೇರಿದ ಮಕ್ಕಳು ಈ ಏಳು ವರ್ಷಗಳ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು. ಮಕ್ಕಳನ್ನು ಹಾಫಿಝ್ ಮಾಡುವುದು ಪುಣ್ಯದ ಕೆಲಸ; ಜೊತೆಯಲ್ಲೇ ಶಾಲೆಯ ದಾಖಲಾತಿ ಉಳಿಸಿಕೊಳ್ಳುವುದು ಆ ಪುಣ್ಯವನ್ನು ಕಡಿಮೆ ಮಾಡದು.

ಗ್ರಾಮೀಣ ಪ್ರದೇಶದಲ್ಲಿ ಒಂದರಿಂದ ಹತ್ತರವರೆಗೆ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಕುಂದಗೋಳ, ಕಲಘಟಗಿ, ನವಲಗುಂದದ ಕಡೆಯ ಹಳ್ಳಿಗಳಲ್ಲಿ ಕನ್ನಡ ಶಾಲೆಗೆ ಹೋದ ಮುಸ್ಲಿಮ್ ಮಗುವಿಗೆ ಇವೆರಡೂ ಅನ್ವಯಿಸುತ್ತವೆ. ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯುಳ್ಳ ವ್ಯಾಸಂಗ ಪ್ರಮಾಣಪತ್ರವಿಲ್ಲದೆ ಈ ಹಕ್ಕು ಕೈತಪ್ಪುತ್ತದೆ. ಪಿಂಜಾರ, ನದಾಫ್ ಸಮುದಾಯದವರು 2ಬಿಯಲ್ಲಲ್ಲ, ಪ್ರವರ್ಗ-1ರಲ್ಲಿ ಬರುತ್ತಾರೆ. ಅವರಿಗೆ ಕೆನೆಪದರದ ಆದಾಯ ಮಿತಿಯೂ ಇಲ್ಲ. ನಮ್ಮ ಭಾಗದಲ್ಲಿ ಈ ಸಮುದಾಯದವರು ಬಹಳಷ್ಟಿದ್ದಾರೆ. ಆದರೂ ಅರ್ಜಿಯಲ್ಲಿ 'ಮುಸ್ಲಿಮ್, 2ಬಿ' ಎಂದು ಬರೆದು ತಮ್ಮ ಹಕ್ಕನ್ನು ತಾವೇ ಬಿಟ್ಟುಕೊಡುವವರನ್ನು ಕಂಡಿದ್ದೇನೆ. ಅರ್ಜಿಯಲ್ಲಿ ಕೋರದ ಸೌಲಭ್ಯವನ್ನು ಸೀಟು ಹಂಚುವ ದಿನ ಕೇಳಿದರೆ ಯಾರೂ ಕೊಡರು. ಐಐಟಿಗೆ ಯತ್ನಿಸುವವರಿಗೆ ಇನ್ನೊಂದು ಎಚ್ಚರಿಕೆ: ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ, ಪ್ರಮಾಣಪತ್ರವೂ ಬೇರೆ.

ರ‍್ಯಾಂಕ್ ಬಂದ ಬಳಿಕ ಆಯ್ಕೆಗಳನ್ನು ಆದ್ಯತೆಯ ಕ್ರಮದಲ್ಲಿ ನಮೂದಿಸಬೇಕು. ಇಲ್ಲಿ ಕಂಪ್ಯೂಟರ್ ಸೈನ್ಸ್ ಒಂದನ್ನೇ ಹತ್ತು ಕಾಲೇಜುಗಳಿಗೆ ಬರೆದು ಸುಮ್ಮನಾಗುವುದು ನಮ್ಮ ಮಕ್ಕಳ ಸಾಮಾನ್ಯ ತಪ್ಪು. ಸೀಟು ಹಂಚಿಕೆಯಾದ ಮೇಲೂ ನಾಲ್ಕು ದಾರಿಗಳಿವೆ. ಒಪ್ಪಿ ಕಾಲೇಜಿಗೆ ಸೇರಬಹುದು. ಸಿಕ್ಕಿದ್ದನ್ನು ಹಿಡಿದುಕೊಂಡೇ ಮೇಲಿನ ಆಯ್ಕೆಗಾಗಿ ಮುಂದಿನ ಸುತ್ತಿಗೆ ಕಾಯಬಹುದು. ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗಬಹುದು. ಇಲ್ಲವೇ ಪೂರ್ತಿಯಾಗಿ ಹೊರಬರಬಹುದು. ನನ್ನ ಪರಿಚಿತರು ಎರಡನೆಯದನ್ನು ಅರಿಯದೆ ನಾಲ್ಕನೆಯದನ್ನು ಆರಿಸಿಕೊಂಡರು.

ಪಿಯುಸಿ ವಿಜ್ಞಾನ ಕಷ್ಟವೆನ್ನುವ ಮಕ್ಕಳಿಗೂ ದಾರಿಯಿದೆ. ಎಸ್ಸೆಸ್ಸೆಲ್ಸಿಯ ಬಳಿಕ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಐಟಿಐ ಮುಗಿಸಿದವನಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶವಿದೆ. ಅಂದರೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದ ಹುಡುಗನಿಂದ ಬಿ.ಇ. ಪದವಿಯವರೆಗೆ ಮೆಟ್ಟಿಲುಗಳಿವೆ. ಅವು ಕಾಣದಿರುವುದು ಅತ್ತ ದೀಪ ಹಿಡಿಯುವವರಿಲ್ಲದ್ದರಿಂದ ಮಾತ್ರ.

ನಾಲ್ಕು ವರ್ಷದ ಓದು

ಸೇರಿದ ಮೇಲೆ ಏನು? ನಾಲ್ಕು ವರ್ಷ, ಎಂಟು ಸೆಮಿಸ್ಟರ್. ವಿಶ್ವೇಶ್ವರಯ್ಯ ವಿ.ವಿ.ಯ 2022ರ ಪಠ್ಯಯೋಜನೆಯಂತೆ ಪದವಿಗೆ ಒಟ್ಟು 160 ಕ್ರೆಡಿಟ್‌ಗಳು. ಮೊದಲ ವರ್ಷ ಎಲ್ಲ ಶಾಖೆಗಳಿಗೂ ಬಹುತೇಕ ಸಮಾನ: ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಚಿತ್ರರಚನೆ, ಕಂಪ್ಯೂಟರ್ ಪ್ರೋಗ್ರಾಮಿಂಗ್, ಇಂಗ್ಲಿಷ್, ಕನ್ನಡ, ಸಂವಿಧಾನ. ಇಂಡಸ್ಟ್ರಿಯಲ್ ಶಾಖೆಯವರಿಗೆ ಎರಡನೇ ವರ್ಷದಿಂದ ಲೋಹಗಳ ಗುಣ, ಉತ್ಪಾದನಾ ವಿಧಾನ, ಯಂತ್ರಚಿತ್ರ ಮೊದಲಾದವು. ಮುಂದೆ ಕಾರ್ಯ ಅಧ್ಯಯನ, ಸಂಖ್ಯಾಶಾಸ್ತ್ರ, ಗುಣಮಟ್ಟ ನಿಯಂತ್ರಣ, ಆಪರೇಷನ್ಸ್ ರಿಸರ್ಚ್, ಉತ್ಪಾದನಾ ಯೋಜನೆ, ಸರಬರಾಜು ಸರಪಳಿ, ಇಂಜಿನಿಯರಿಂಗ್ ಅರ್ಥಶಾಸ್ತ್ರ. ಕೊನೆಯಲ್ಲಿ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್. ಪ್ರತಿ ವಿಷಯಕ್ಕೂ ತರಗತಿಯ ಆಂತರಿಕ ಅಂಕ ಅರ್ಧ, ಸೆಮಿಸ್ಟರ್ ಪರೀಕ್ಷೆ ಅರ್ಧ. ಆಂತರಿಕದಲ್ಲಿ ಶೇ. 40 ಇಲ್ಲದವನು ಪರೀಕ್ಷೆಗೇ ಕೂರಲಾರ, ಹಾಜರಿ ಶೇ. 85 ಇರಬೇಕು. ಅಂಗಡಿಯಲ್ಲಿ ಜನವಿಲ್ಲವೆಂದೋ ಸಂಬಂಧಿಕರ ಮದುವೆಯೆಂದೋ ವಾರಗಟ್ಟಲೆ ಮಗನನ್ನು ಕಾಲೇಜು ಬಿಡಿಸುವ ತಂದೆತಾಯಂದಿರು ಈ ಎರಡು ಅಂಕೆಗಳನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಪದವಿಯ ಬಳಿಕ ಗೇಟ್ ಪರೀಕ್ಷೆಯಲ್ಲಿ 'ಪ್ರೊಡಕ್ಷನ್ ಅಂಡ್ ಇಂಡಸ್ಟ್ರಿಯಲ್' ಎಂಬ ಪ್ರತ್ಯೇಕ ಪತ್ರಿಕೆಯಿದೆ. 1963ರಲ್ಲಿ ಈ ವಿದ್ಯೆಗೆಂದೇ ಮುಂಬೈಯಲ್ಲಿ ಸ್ಥಾಪನೆಯಾದ ನಿಟಿ ಸಂಸ್ಥೆಯು 2023ರಲ್ಲಿ ಐಐಎಂ ಮುಂಬೈ ಆಗಿದೆ.

ಈ ಶಾಖೆಗೆ ಮಿತಿಗಳಿಲ್ಲವೆಂದು ನಾನು ಹೇಳುತ್ತಿಲ್ಲ. ಇದನ್ನು ಕಲಿಸುವ ಕಾಲೇಜುಗಳು ರಾಜ್ಯದಲ್ಲಿ ಕಡಿಮೆ. ಕೆಲವು ಸರಕಾರಿ ನೇಮಕಾತಿಗಳಲ್ಲಿ ಮೆಕ್ಯಾನಿಕಲ್ ಅಥವಾ ಸಿವಿಲ್ ಎಂದು ಸ್ಪಷ್ಟವಾಗಿ ಕೇಳುವುದುಂಟು. ಅಂತಹ ಹುದ್ದೆಯನ್ನೇ ಬಯಸುವವರು ಮೊದಲೇ ವಿಚಾರಿಸಬೇಕು. ಊರು ಬಿಡಲಾಗದವರು ಇಲ್ಲಿಯೇ ಮೆಕ್ಯಾನಿಕಲ್ ಓದಿ ಐಚ್ಛಿಕ ವಿಷಯಗಳ ಮೂಲಕ ಇದೇ ದಾರಿಗೆ ಬರಬಹುದು. ಎಲ್ಲರೂ ಇದನ್ನೇ ಓದಲಿ ಎಂಬುದು ನನ್ನ ವಾದವಲ್ಲ. ಕಂಪ್ಯೂಟರ್ ಸೈನ್ಸ್‌ನ ಡೊನೇಷನ್ ಸೀಟು, ಇಲ್ಲವಾದರೆ ಗ್ಯಾರೇಜು ಎಂಬ ಎರಡೇ ದಾರಿಗಳಲ್ಲಿ ನಮ್ಮ ಮಕ್ಕಳ ಭವಿಷ್ಯವನ್ನು ಕಟ್ಟಿಹಾಕಬೇಡಿ ಎಂಬುದಷ್ಟೇ.

ಬಡ್ಡಿ ಹರಾಮ್, ಡೊನೇಷನ್?

ಇಲ್ಲಿ ನಾವು ಆತ್ಮಾವಲೋಕನ ಮಾಡಿಕೊಳ್ಳಬೇಕಾದ ಒಂದು ವಿಷಯವಿದೆ. ಬಡ್ಡಿಯ ಭಯದಿಂದ ಬ್ಯಾಂಕಿನ ಶೈಕ್ಷಣಿಕ ಸಾಲ ಪಡೆಯದೆ ಮಗಳ ಓದನ್ನು ನಿಲ್ಲಿಸಿದ ಧರ್ಮನಿಷ್ಠರನ್ನು ನಾನು ಬಲ್ಲೆ. ಅವರ ಆತಂಕವನ್ನು ಗೌರವಿಸುತ್ತೇನೆ. ಆದರೆ ರಶೀದಿಯಿಲ್ಲದೆ ಲಕ್ಷಗಟ್ಟಲೆ ಡೊನೇಷನ್ ಎಣಿಸಿಕೊಡುವಾಗ ಅದೇ ಆತಂಕ ಎಲ್ಲಿ ಹೋಗುತ್ತದೆ? ಅದು ನಾಡಿನ ಕಾನೂನು ನಿಷೇಧಿಸಿದ ವ್ಯವಹಾರ. ಯೋಗ್ಯತೆಯುಳ್ಳ ಇನ್ನೊಬ್ಬ ಬಡ ಮಗುವಿನ ಅವಕಾಶವನ್ನು ಹಣದಿಂದ ಕಸಿಯುವ ಕೃತ್ಯ. ಲಂಚವನ್ನು ಕೊಡುವವನನ್ನೂ ಪಡೆಯುವವನನ್ನೂ ಪ್ರವಾದಿ(ಸ)ರವರು ಸಮಾನವಾಗಿ ಖಂಡಿಸಿದ್ದಾರೆ ಎಂಬುದನ್ನು ಪ್ರತಿ ವರ್ಷ ಖುತ್ಬಾದಲ್ಲಿ ಕೇಳುವ ನಾವು ಇದನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೇವೆ?

ಬಡ್ಡಿಗೂ ಡೊನೇಷನ್ನಿಗೂ ಪರ್ಯಾಯ ಕಟ್ಟುವುದು ಸಮುದಾಯದ ಹೊಣೆ. ಸಿಇಟಿ ಸೀಟಿನ ಶುಲ್ಕ ಭರಿಸಲಾಗದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಯೋಜನೆ, ಎಂಟು ಲಕ್ಷ ರೂಪಾಯಿಗಿಂತ ಕಡಿಮೆ ವಾರ್ಷಿಕ ಆದಾಯದ ಕುಟುಂಬಗಳಿಗೆ ಬೋಧನಾ ಶುಲ್ಕ ಮನ್ನಾ ಮಾಡುವ ಹೆಚ್ಚುವರಿ ಶೇ. 5 ಸೀಟುಗಳು ಇವೆ. ಇವು ಸಾಲದಾದಾಗ ಜಮಾಅತ್ ನೆರವಾಗಬೇಕು. ಒಂದು ಮದುವೆಯ ವಲೀಮಾದಲ್ಲಿ ಉಳಿದು ಚೆಲ್ಲುವ ಅನ್ನದ ಬೆಲೆಯಲ್ಲಿ ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕದ ಖರ್ಚು ಸಾಗುತ್ತದೆ. ಅರ್ಹ ಬಡ ವಿದ್ಯಾರ್ಥಿಗೆ ಝಕಾತ್ ನೀಡಬಹುದೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಬಡ್ಡಿರಹಿತ ಶೈಕ್ಷಣಿಕ ನಿಧಿಯೊಂದನ್ನು ಪ್ರತಿ ಮೊಹಲ್ಲಾ ಕಟ್ಟಿಕೊಂಡರೆ, ಪದವಿ ಪಡೆದು ಉದ್ಯೋಗ ಹಿಡಿದವನು ಅದನ್ನು ಮರುಪಾವತಿಸಿ ಮುಂದಿನವನಿಗೆ ದಾರಿ ಮಾಡಿಕೊಡಬಲ್ಲ.

ಹಕ್ಕು ಉಳಿದಿದೆ, ಬಳಸುವವರೆಲ್ಲಿ?

ಸರಕಾರಗಳ ಧೋರಣೆಯನ್ನೂ ಹೇಳದೆ ಇರಲಾಗದು. 1995ರಲ್ಲಿ ದೇವೇಗೌಡರ ಸರಕಾರದ ಕಾಲದಲ್ಲಿ ಜಾರಿಗೆ ಬಂದ ಶೇ. 4ರ 2ಬಿ ಮೀಸಲಾತಿಯನ್ನು 2023ರ ಮಾರ್ಚ್‌ನಲ್ಲಿ, ಚುನಾವಣೆಯ ಹೊಸ್ತಿಲಲ್ಲಿ, ಅಂದಿನ ಬಿಜೆಪಿ ಸರಕಾರ ರದ್ದುಗೊಳಿಸಿತು. ಸುಪ್ರೀಂ ಕೋರ್ಟ್ ಆ ತೀರ್ಮಾನದ ತಳಹದಿಯನ್ನೇ ಪ್ರಶ್ನಿಸಿದಾಗ, ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರಕಾರವೇ ಹೇಳಬೇಕಾಯಿತು. ಅದಕ್ಕೂ ಒಂದು ವರ್ಷ ಮುನ್ನ, 2022ರಲ್ಲಿ, ತಲೆವಸ್ತ್ರದ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಪಿಯು ಕಾಲೇಜುಗಳ ಗೇಟಿನ ಹೊರಗೆ ನಿಲ್ಲಿಸಲಾಯಿತು. ಅದೇ ವರ್ಷ ಕೇಂದ್ರ ಸರಕಾರ ಒಂದರಿಂದ ಎಂಟನೇ ತರಗತಿಯವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನವನ್ನೂ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಈ ಅನ್ಯಾಯಗಳ ವಿರುದ್ಧ ಸಂವಿಧಾನದ ಚೌಕಟ್ಟಿನಲ್ಲಿ ದನಿಯೆತ್ತುವುದು ನಮ್ಮ ಕರ್ತವ್ಯ.

2024-25ರಿಂದ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕಾಲೇಜುಗಳ ಸೀಟುಗಳ ಮೇಲಿದ್ದ ಗರಿಷ್ಠ ಮಿತಿಯನ್ನು ತೆಗೆದುಹಾಕಿದ್ದೂ ಗಮನಾರ್ಹ. ಬೇಡಿಕೆಯ ಬೆನ್ನು ಹತ್ತುವ ಮಾರುಕಟ್ಟೆಗೆ ಇದು ಅನುಕೂಲ. ಬೆಂಗಳೂರಿನಲ್ಲಿ ಕಂಪ್ಯೂಟರ್ ಸೀಟುಗಳು ಹಿಗ್ಗುತ್ತಾ ಹೋದಂತೆ ಉತ್ತರ ಕರ್ನಾಟಕದ ಕಾಲೇಜುಗಳ ಮೂಲ ಶಾಖೆಗಳಿಗೆ ವಿದ್ಯಾರ್ಥಿಗಳು ಸಿಗುವುದು ಕಷ್ಟವಾಗುತ್ತದೆ. ವಿದ್ಯಾರ್ಥಿಗಳಿಲ್ಲದ ವಿಭಾಗ ಮುಚ್ಚುತ್ತದೆ. ಕಾರ್ಖಾನೆಗಳು ಇಲ್ಲಿಗೆ ಬರಲಿ ಎಂದು ಭಾಷಣ ಮಾಡುವ ನಮ್ಮ ಜನಪ್ರತಿನಿಧಿಗಳು ಅವನ್ನು ನಡೆಸುವ ಇಂಜಿನಿಯರುಗಳನ್ನು ತಯಾರಿಸುವ ವಿಭಾಗಗಳ ಕುರಿತು ತುಟಿ ಬಿಚ್ಚಿದ್ದುಂಟೇ?

ಆದರೆ ಹಕ್ಕಿಗಾಗಿ ಬೀದಿಗಿಳಿಯುವ ಸಮುದಾಯ ಆ ಹಕ್ಕನ್ನು ಬಳಸಲು ತಹಶೀಲ್ದಾರ್ ಕಚೇರಿಗೆ ಹೋಗಿ ಒಂದು ಪ್ರಮಾಣಪತ್ರ ಮಾಡಿಸಿಕೊಳ್ಳದಿದ್ದರೆ ಆ ಹೋರಾಟಕ್ಕೆ ಅರ್ಥವೇನು? ನ್ಯಾಯಾಲಯ ಉಳಿಸಿಕೊಟ್ಟ ಶೇ. 4ನ್ನು ನಾವು ಅರ್ಜಿಯ ಒಂದು ಖಾಲಿ ಕಾಲಮಿನಲ್ಲಿ ಕಳೆದುಕೊಂಡರೆ ಯಾರನ್ನು ದೂರುವುದು?

ನಮ್ಮ ಅಂಜುಮನ್‌ಗಳು, ಮಸೀದಿ ಸಮಿತಿಗಳು, ಯುವಕ ಸಂಘಟನೆಗಳು ದೊಡ್ಡ ಯೋಜನೆಗಳಿಗಾಗಿ ಕಾಯಬೇಕಿಲ್ಲ. ಚಳಿಗಾಲ ಮುಗಿಯುವುದರೊಳಗೆ ಪ್ರತಿ ಮಸೀದಿಯಲ್ಲಿ ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ ಹತ್ತು ನಿಮಿಷ ಸಿಇಟಿಯ ಕುರಿತು ಹೇಳಲಿ. ಪಿಯುಸಿ ಓದುವ ಮಕ್ಕಳ ಪಟ್ಟಿ ಮಾಡಿ ಯಾರಲ್ಲಿ ಯಾವ ಪ್ರಮಾಣಪತ್ರವಿಲ್ಲ ಎಂದು ನೋಡಲಿ. ಆಯ್ಕೆ ನಮೂದಿಸುವ ದಿನಗಳಲ್ಲಿ ಒಂದು ಕೋಣೆ, ಒಂದು ಕಂಪ್ಯೂಟರ್, ಇಂಜಿನಿಯರಿಂಗ್ ಮುಗಿಸಿದ ಇಬ್ಬರು ಯುವಕ ಯುವತಿಯರು ಇರಲಿ. ತಾಯಂದಿರಿಗೂ ಅಲ್ಲಿ ಕುಳಿತು ಕೇಳುವ ವ್ಯವಸ್ಥೆಯಿರಲಿ. ಏಕೆಂದರೆ ಮಗಳ ಓದಿನ ತೀರ್ಮಾನ ಬಹುತೇಕ ಅಡುಗೆಮನೆಯಲ್ಲೇ ಆಗುತ್ತದೆ. 'ಓದು' ಎಂಬ ಆಜ್ಞೆಯೊಂದಿಗೆ ದಿವ್ಯವಾಣಿ ಆರಂಭವಾದ ಸಮುದಾಯಕ್ಕೆ ಒಂದು ಅರ್ಜಿಯನ್ನು ಓದಿ ತುಂಬುವುದು ಭಾರವಾಗಬಾರದು.

ಆ ತಂದೆಗೆ ಅಂದು ಮಸೀದಿಯ ಮೆಟ್ಟಿಲ ಮೇಲೆ ನಾನು ಉತ್ತರಿಸಲಿಲ್ಲ. ಈಗ ಉತ್ತರಿಸುತ್ತೇನೆ: ಹೌದು, ತಪ್ಪಾಯಿತು. ನಿಮ್ಮದಷ್ಟೇ ಅಲ್ಲ, ಕೇಳಿದಾಗ ತಿಳಿಯದೆ ತಲೆಯಾಡಿಸಿದ ನಮ್ಮೆಲ್ಲರದು. ನಿಮ್ಮ ಮಗಳ ಓದು ಇನ್ನೂ ಮುಗಿದಿಲ್ಲ. ಅರ್ಧಕ್ಕೆ ನಿಂತ ಪದವಿಯನ್ನು ಪೂರ್ಣಗೊಳಿಸುವ ದಾರಿ ಅವಳಿಗಿದೆ, ಅದಕ್ಕೆ ಅವಳ ಗಂಡನ ಮನೆಯವರನ್ನು ಒಪ್ಪಿಸಲು ನಾನೂ ನಿಮ್ಮೊಡನೆ ಬರುತ್ತೇನೆ. ಈ ವರ್ಷ ನಿಮ್ಮ ಓಣಿಯಲ್ಲಿ ಇನ್ನೊಬ್ಬ ತಂದೆ ಇದೇ ಪ್ರಶ್ನೆ ಹಿಡಿದು ನಾಲ್ಕು ಜನರ ಬಳಿ ಹೋಗುತ್ತಾನೆ. ಆ ನಾಲ್ವರಲ್ಲಿ ಒಬ್ಬನಿಗಾದರೂ ಉತ್ತರ ಗೊತ್ತಿರಲಿ.